ವಚನ, ಕೀರ್ತನೆಗಳ ಕೊನೆಯಲ್ಲಿ ದೇವರ ಹೆಸರು ಯಾಕೆ ಬರುತ್ತದೆ?

ಅದು ಅಂಕಿತ, ಅಂದರೆ ಬರೆದವರ ಸಹಿ. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನದು ರಾಮನಾಥ. ತಮ್ಮ ಹೆಸರಿನ ಬದಲು ತಾವು ನಂಬಿದ ದೇವರ ಹೆಸರನ್ನೇ ಅವರು ಗುರುತಾಗಿ ಇಟ್ಟುಕೊಂಡರು.

ಇದರ ಅಗತ್ಯ ಏನಿತ್ತು ಅಂದರೆ, ಈ ರಚನೆಗಳು ಹೆಚ್ಚಾಗಿ ಬಾಯಿಂದ ಬಾಯಿಗೆ ಹರಡಿದವು. ಹಾಡುವವರು ನಡುವೆ ಒಂದು ಸಾಲು ಬಿಡಬಹುದು, ಪದ ಬದಲಿಸಬಹುದು. ಆದರೆ ಕೊನೆಯ ಹೆಸರು ಅರ್ಥಕ್ಕೂ ಲಯಕ್ಕೂ ಬೆಸೆದುಕೊಂಡಿರುತ್ತದೆ. ಅದನ್ನು ಕಿತ್ತರೆ ಮಾತೇ ಅರ್ಧಕ್ಕೆ ನಿಂತಂತಾಗುತ್ತದೆ. ಹಾಗಾಗಿ ಅದು ಉಳಿಯಿತು. 12ನೇ ಶತಮಾನದ ವಚನಗಳನ್ನು 15ನೇ ಶತಮಾನದ ಹೊತ್ತಿಗೆ ಒಟ್ಟುಗೂಡಿಸಿದವರಿಗೆ ಯಾವುದು ಯಾರದು ಎಂದು ತಿಳಿಯಲು ಇದೇ ದೊಡ್ಡ ಆಧಾರ.

ಸಹಿ ಅಷ್ಟೇ ಅಲ್ಲ, ವಚನವನ್ನು ಯಾರಿಗೆ ಹೇಳುತ್ತಿದ್ದಾರೆ ಅನ್ನೋದೂ ಇದರಲ್ಲೇ ಇದೆ. ಅಕ್ಕ "ಚೆನ್ನಮಲ್ಲಿಕಾರ್ಜುನಾ" ಎಂದು ಕರೆದಾಗ ಅದುವರೆಗಿನ ಮಾತೆಲ್ಲ ಅವನೊಬ್ಬನ ಎದುರು ಆಡಿದ್ದು ಅನ್ನಿಸುತ್ತದೆ, ಅಲ್ವಾ? ನನಗಂತೂ ಅಂಕಿತದ ನಿಜವಾದ ಶಕ್ತಿ ಇದೇ.

ಎಲ್ಲರೂ ದೇವರ ಹೆಸರನ್ನೇ ಇಟ್ಟುಕೊಳ್ಳಲಿಲ್ಲ. ಅಂಬಿಗರ ಚೌಡಯ್ಯ ತನ್ನ ಕಸುಬು, ಹೆಸರು ಎರಡನ್ನೂ ನೇರವಾಗಿ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನು ಆ ಕಾಲದಲ್ಲಿ ಹೀಗೆ ತಲೆಯೆತ್ತಿ ಹೇಳಿಕೊಂಡಿದ್ದು ಸಣ್ಣ ಮಾತಲ್ಲ.

ಮುಂದೆ ಹರಿದಾಸರಲ್ಲಿ ಅಂಕಿತವನ್ನು ಗುರುವಿನಿಂದ ಪಡೆಯುವ ರೂಢಿ ಬೆಳೆಯಿತು. ಪುರಂದರದಾಸರಿಗೆ "ಪುರಂದರ ವಿಠಲ" ಕೊಟ್ಟವರು ವ್ಯಾಸರಾಯರು ಎಂಬುದು ದಾಸ ಪರಂಪರೆಯ ನಂಬಿಕೆ. ಕನಕದಾಸರ ಅಂಕಿತದಲ್ಲಿ ಊರೂ ಸೇರಿದೆ: ಕಾಗಿನೆಲೆಯಾದಿಕೇಶವ. ಆ ಕಾಗಿನೆಲೆ ಇರುವುದು ಈಗಿನ ಹಾವೇರಿ ಜಿಲ್ಲೆಯಲ್ಲಿ.