ಜರ್ಮನಿಯ ಬಾಡಿಗೆ ಮನೆ: ಚಳಿಗಾಲದ ಬೆಳಗ್ಗೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತದೆ, ಏನು ಮಾಡಲಿ?

ಆ ನೀರು ಹೊರಗಿನದಲ್ಲ, ನಿಮ್ಮ ಮನೆಯದೇ. ಕುದಿಸಿದ ಸಾರು, ಬಿಸಿನೀರಿನ ಸ್ನಾನ, ಕೋಣೆಯಲ್ಲಿ ಒಣಹಾಕಿದ ಬಟ್ಟೆ, ರಾತ್ರಿಯಿಡೀ ಬಿಟ್ಟ ಉಸಿರು. 20 ಡಿಗ್ರಿಯ ಗಾಳಿ ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಡಬಲ್ಲದು, 0 ಡಿಗ್ರಿಯದು 5 ಗ್ರಾಂ ಮಾತ್ರ. ಹಾಗಾಗಿ ತಣ್ಣನೆಯ ಗಾಜು ತಾಗಿದ ಗಾಳಿ ಹೆಚ್ಚಿನ ತೇವವನ್ನು ಅಲ್ಲೇ ಬಿಡುತ್ತದೆ.

ಚಳಿಗೆ ಹೆದರಿ ನಮ್ಮವರು ಕಿಟಕಿಯನ್ನೇ ತೆಗೆಯುವುದಿಲ್ಲ. ಎಡವಟ್ಟಾಗುವುದು ಇಲ್ಲೇ. ಹೊರಗೆ ಹಿಮ ಬೀಳುತ್ತಿದ್ದರೂ ಆ ಗಾಳಿಯಲ್ಲಿ ನೀರಾವಿ ಕಡಿಮೆ. ಒಳಬಂದು ಬಿಸಿಯಾದರೆ ಒಣಗಾಳಿಯೇ. ದಿನಕ್ಕೆ ಮೂರು ಸಲ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಿ. ಜರ್ಮನ್ನರು ಇದನ್ನು ‘ಸ್ಟೋಸ್‌ಲ್ಯೂಫ್ಟನ್’ ಎನ್ನುತ್ತಾರೆ. ದಿನವಿಡೀ ಸ್ವಲ್ಪವೇ ಓರೆ ಮಾಡಿ ಇಡಬೇಡಿ, ಸುತ್ತಲಿನ ಗೋಡೆ ತಣ್ಣಗಾಗಿ ಬೂಷ್ಟು ಹಿಡಿಯುತ್ತದೆ. ಮಲಗುವ ಕೋಣೆಯ ಹೀಟರ್ ಪೂರ್ತಿ ಆರಿಸುವುದೂ ಬೇಡ. ಗಾಳಿಯ ತೇವಾಂಶ ಅಳೆಯುವ ಅಗ್ಗದ ಹೈಗ್ರೋಮೀಟರ್ ಒಂದನ್ನು ತಂದಿಡಿ, ಅದು ಶೇ. 60 ದಾಟದಿರಲಿ. ಬೆಳಗ್ಗೆ ಗಾಜಿನ ನೀರನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಹೊರಗೆ ಹಿಂಡಿ.

ಎರಡು ಪದರದ ಕಿಟಕಿಯಲ್ಲಿ ಗಾಜುಗಳ ನಡುವೆಯೇ ಮಬ್ಬು ಕಟ್ಟಿದ್ದರೆ ಮಾತ್ರ ಗಾಜಿನ ಸೀಲ್ ಹೋಗಿದೆ ಎಂದರ್ಥ. ಮನೆ ಮಾಲೀಕರಿಗೆ ತಿಳಿಸಿ.