ಗುಂಯ್ಗುಡುವ ಆಂಪ್‌ಗೆ ಹೊಸ ಪೆಡಲ್ ಮದ್ದಲ್ಲ

ಚೌತಿ ಹತ್ತಿರ ಬಂತು ಅಂದರೆ ಆರ್ಕೆಸ್ಟ್ರಾ ಹುಡುಗರ ಪ್ರಶ್ನೆಗಳು ಶುರು. ಊರು ಬೇರೆ, ಗಿಟಾರ್ ಬೇರೆ, ಪ್ರಶ್ನೆ ಮಾತ್ರ ಒಂದೇ: ಆಂಪ್ (ಗಿಟಾರ್‌ನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ಗುಂಯ್ ಅನ್ನುತ್ತದೆ, ಯಾವ ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸುವ ಸಾಧನ) ತಗೊಳ್ಳಲಿ? ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನ್ನದು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಒಂದೇ ಸುರುಳಿಯ ಭಾಗ) ಇರುವ ಗಿಟಾರ್, 20 ವ್ಯಾಟ್ ಆಂಪ್. ಆಂಪ್‌ನಿಂದ ಮಿಕ್ಸರ್‌ಗೂ ಲೈನ್ ಕೊಡುತ್ತೇನೆ. ಡಿಸ್ಟಾರ್ಶನ್ ಒತ್ತಿದರೆ ಗುಂಯ್ ಅಂತ ಶಬ್ದ. ಒಬ್ಬರು ಪ್ಲಗ್‌ನ ದಪ್ಪ ಪಿನ್ ತೆಗಿ ಅಂದರು. ತೆಗೆದೆ, ಶಬ್ದ ಕಡಿಮೆಯಾಯಿತು. ಈಗ ತಂತಿ ಮುಟ್ಟಿದರೆ ಕೈ ಸ್ವಲ್ಪ ಜುಮ್ ಅನ್ನುತ್ತದೆ, ಅಷ್ಟೆ. ಒಳ್ಳೆಯ ಟೋನ್‌ಗೆ ಇನ್ನು ಯಾವ ಪೆಡಲ್ ತಗೊಳ್ಳಲಿ? — ಅಂಕೋಲಾ

ಉತ್ತರ: ಪೆಡಲ್ ಆಮೇಲೆ. ಮೊದಲು ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು ಬದಿಗಿಡಿ. ಮೂರು ಪಿನ್‌ನ ಹೊಸ ವೈರ್ ಹಾಕಿಸುವವರೆಗೆ ಅದನ್ನು ಮುಟ್ಟಬೇಡಿ. "ಅಷ್ಟೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೇ ಜುಮ್ ಅಂತು.

ಆ ದಪ್ಪ ಪಿನ್ ಅರ್ಥ್. ನಿಮ್ಮ ಗಿಟಾರ್‌ನ ತಂತಿ ಬ್ರಿಜ್‌ಗೆ, ಅಂದರೆ ತಂತಿ ಕೂರುವ ಲೋಹದ ಭಾಗಕ್ಕೆ ತಾಗಿದೆ. ಬ್ರಿಜ್‌ನಿಂದ ಒಂದು ಸಣ್ಣ ವೈರ್ ಕೇಬಲ್ ಚುಚ್ಚುವ ಜ್ಯಾಕ್‌ಗೆ, ಅಲ್ಲಿಂದ ಕೇಬಲ್‌ನ ಹೊರ ಜಾಲರಿ ಹಿಡಿದು ಆಂಪ್‌ನ ಲೋಹದ ಮೈಗೆ, ಅಲ್ಲಿಂದ ದಪ್ಪ ಪಿನ್ ಮೂಲಕ ನೆಲಕ್ಕೆ. ಆಂಪ್ ಒಳಗೆ ಲೈನ್ ವೈರ್ ಎಲ್ಲಾದರೂ ಮೈಗೆ ತಾಗಿದರೆ ಕರೆಂಟ್ ಈ ದಾರಿಯಲ್ಲಿ ನೆಲಕ್ಕೆ ಓಡಿ ಫ್ಯೂಸ್ ಹಾರಿಸಬೇಕು. ಪಿನ್ ಕಿತ್ತರೆ ಆ ದಾರಿಯೇ ಇಲ್ಲ. 230 ವೋಲ್ಟ್ ನಿಮ್ಮ ತಂತಿಯ ಮೇಲೆ ಕಾದು ಕೂತಿರುತ್ತದೆ. ಎಡಗೈಯಲ್ಲಿ ತಂತಿ ಹಿಡಿದು, ಅರ್ಥ್ ಆಗಿರುವ ಮೈಕ್‌ಗೆ ತುಟಿ ತಾಗಿಸಿದಿರೋ, ನೀವೇ ದಾರಿ. ಉಲ್ಟಾ ಆದರೂ, ಅಂದರೆ ಮೈಕ್‌ನಲ್ಲಿ ಕರೆಂಟ್ ಇದ್ದು ಗಿಟಾರ್ ಅರ್ಥ್ ಆಗಿದ್ದರೂ, ಅದೇ ಕಥೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೇ ಸತ್ತರು. ನಮ್ಮ ಕಡೆ ಚೌತಿ ಪೆಂಡಾಲ್ ಹೇಗಿರುತ್ತದೆ? ಒದ್ದೆ ನೆಲ, ಬರಿಗಾಲು, ಬಾಡಿಗೆ ಜನರೇಟರ್. ಪಿನ್ ತೆಗಿ ಅಂದ ಮಹಾನುಭಾವರನ್ನು ಮೊದಲು ಅಲ್ಲಿ ನಿಲ್ಲಿಸಿ ಹಾಡಿಸಿ.

ಹಾಗಾದರೆ ಶಬ್ದ ಕಡಿಮೆಯಾದದ್ದು ಯಾಕೆ? ಆಂಪ್‌ಗೆ ಒಂದು ಅರ್ಥ್, ಮಿಕ್ಸರ್‌ಗೆ ಇನ್ನೊಂದು, ನಡುವೆ ಕೇಬಲ್. ಹೀಗಾದಾಗ ಅರ್ಥ್ ದಾರಿಯೇ ಒಂದು ಸುತ್ತು ಹಾಕಿ 50 ಹರ್ಟ್ಸ್ ಗುಂಗು ಹಿಡಿಯುತ್ತದೆ. ಇದಕ್ಕೆ ಪರಿಹಾರ ಎರಡನ್ನೂ ಒಂದೇ ಬೋರ್ಡ್‌ಗೆ ಚುಚ್ಚುವುದು. ಆಗಲೂ ಹೋಗದಿದ್ದರೆ ನಡುವೆ ಒಂದು ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರ್‌ಗೆ ದಾಟಿಸುವ ಸಣ್ಣ ಪೆಟ್ಟಿಗೆ) ಹಾಕಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ ಕೇಬಲ್‌ನ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ಗೋಡೆಯ ಅರ್ಥನ್ನಲ್ಲ.

ಪಿನ್ ವಾಪಸ್ ಹಾಕಿದ ಮೇಲೂ ಜುಮ್ ಅಂದರೆ ಮನೆಯ ಅರ್ಥಿಂಗ್ ಹಾಳಾಗಿದೆ, ಅಥವಾ ಅರ್ಥಿಂಗೇ ಇಲ್ಲ. ನಮ್ಮ ಚಿರೆಕಲ್ಲಿನ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಹೋಗುತ್ತದೆ, ಒಣ ನೆಲ ಕರೆಂಟನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಅರ್ಥ್ ಗುಂಡಿಗೆ ನೀರು ಹಾಕುವುದು ಅಜ್ಜನ ಕಾಲದ ನಂಬಿಕೆ ಅಲ್ಲ, ಹಾಕಿ. ಎಲೆಕ್ಟ್ರಿಷಿಯನ್ ಬಂದು ಅರ್ಥ್ ತೂತಿಗೆ ಟೆಸ್ಟರ್ ಚುಚ್ಚಿ "ಉರೀತಾ ಇಲ್ಲ, ಎಲ್ಲ ಸರಿ ಇದೆ" ಅಂದರೆ ಚಾ ಕೊಟ್ಟು ಕಳಿಸಿ. ಅರ್ಥ್ ಸರಿ ಇದ್ದರೂ ಅದು ಉರಿಯುವುದಿಲ್ಲ, ವೈರೇ ಇಲ್ಲದಿದ್ದರೂ ಉರಿಯುವುದಿಲ್ಲ. ಮೀಟರ್ ಇಟ್ಟು ಅಳೆಯುವವರನ್ನು ಕರೆಸಿ. ಹಾಗೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ.

ಇಷ್ಟಾದ ಮೇಲೂ ಸ್ವಲ್ಪ ಗುಂಯ್ ಉಳಿಯುತ್ತದೆ. ಅದು ಸಿಂಗಲ್ ಕಾಯಿಲ್‌ನ ಜಾಯಮಾನ. ಒಂದು ಸಣ್ಣ ಪರೀಕ್ಷೆ ಮಾಡಿ. ಗಿಟಾರ್ ಹಿಡಿದು ಕುರ್ಚಿಯಲ್ಲಿ ಕೂತು ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಶಬ್ದ ಏರುತ್ತದೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಮಾಯ. ಆಂಪ್‌ನ ಟ್ರಾನ್ಸ್‌ಫಾರ್ಮರ್, ಅಡಾಪ್ಟರ್ ಇವುಗಳ ಕಾಂತಕ್ಷೇತ್ರವನ್ನು ಪಿಕಪ್ ಹಿಡಿಯುತ್ತಿದೆ ಅಂತ ಅರ್ಥ. ಗಿಟಾರ್ ಒಳಗೆ ತಾಮ್ರದ ಟೇಪ್ ಅಂಟಿಸಿದರೆ ಇದು ಹೋಗುವುದಿಲ್ಲ. ಟೇಪ್ ತಡೆಯುವುದು ಜಿರ್ರ್ ಅನ್ನುವ ಇನ್ನೊಂದು ಬಗೆಯ ಶಬ್ದವನ್ನು. ಗುಂಯ್ ಹೋಗಬೇಕಾದರೆ ಒಂದಕ್ಕೊಂದು ಉಲ್ಟಾ ಸುತ್ತಿದ ಎರಡು ಕಾಯಿಲ್ ಬೇಕು. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಹಂಬಕರ್ ಪಿಕಪ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದೇ ಈ ಉಪಾಯಕ್ಕೆ. ನಿಮ್ಮದು ಮೂರು ಪಿಕಪ್‌ನ ಗಿಟಾರ್ ಆದರೆ ಪಿಕಪ್ ಆರಿಸುವ ಸೆಲೆಕ್ಟರ್ ಸ್ವಿಚ್ಚನ್ನು 2 ಅಥವಾ 4ರಲ್ಲಿಟ್ಟು ನೋಡಿ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ ಅಲ್ಲಿ ಗುಂಯ್ ಇರುವುದಿಲ್ಲ.

ಇನ್ನು ಟೋನ್. ತಂತಿ ಬದಲಿಸಿ. ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಒಂದೊಂದೇ ಸುತ್ತು ಇಳಿಸಿ ಕೇಳಿ. ಗೇನ್ (ಡಿಸ್ಟಾರ್ಶನ್ ಏರಿಸುವ ನಾಬ್) ಅರ್ಧಕ್ಕೆ ಇಳಿಸಿ, ಮಿಡ್ (ನಡುವಿನ ಸ್ವರಗಳ ನಾಬ್) ಏರಿಸಿ. ಮನೆಯಲ್ಲಿ ಮಿಡ್ ಸೊನ್ನೆಗೆ ಇಟ್ಟು ಖುಷಿಪಡುವವರ ಗಿಟಾರ್ ಡ್ರಮ್ಸ್ ಶುರುವಾದ ಕೂಡಲೇ ಕೇಳಿಸುವುದಿಲ್ಲ. ಜ್ಯಾಕ್ ಬಿಚ್ಚಿ ನೋಡಿ. ಈ ಉಪ್ಪುಗಾಳಿಗೆ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ. ಇದೆಲ್ಲ ಆದ ಮೇಲೂ ಪೆಡಲ್ ಬೇಕು ಅನ್ನಿಸಿದರೆ ಬರೆಯಿರಿ.

ಪ್ರಶ್ನೆ: ತಂತಿ ಬೇಗ ತುಕ್ಕು ಹಿಡಿಯುತ್ತದೆ. ತೆಂಗಿನೆಣ್ಣೆ ಸವರಬಹುದಾ? — ಹೊನ್ನಾವರ

ಉತ್ತರ: ದೋಸೆಗೆ ಸವರಿ. ದಪ್ಪ ತಂತಿಯ ಸುತ್ತಿನೊಳಗೆ ಎಣ್ಣೆ, ಕೊಳೆ ಸೇರಿದರೆ ದನಿ ಸತ್ತೇ ಹೋಗುತ್ತದೆ. ಬಾರಿಸಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಬ್ಯಾಗಿಗೆ ಹಾಕಿಡಿ. ದುಡ್ಡಿದ್ದರೆ ಕೋಟೆಡ್, ಅಂದರೆ ಮೇಲೆ ಲೇಪನ ಇರುವ ತಂತಿ ತಗೊಳ್ಳಿ.

ಪ್ರಶ್ನೆ: ಅಣ್ಣ ಅಮೆರಿಕದಿಂದ 120 ವೋಲ್ಟ್ ಆಂಪ್ ತಂದಿದ್ದಾನೆ. ಪ್ಲಗ್ ಬದಲಿಸಿದರೆ ಸಾಕಲ್ವಾ? — ಭಟ್ಕಳ

ಉತ್ತರ: ಸಾಕು, ಹೊಗೆ ನೋಡಬೇಕೆಂದಿದ್ದರೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ವ್ಯಾಟ್, ಆಂಪ್‌ನ ಹಿಂದೆ ಬರೆದಿರುವುದಕ್ಕಿಂತ ಜಾಸ್ತಿ ಇರಲಿ.

ಪ್ರಶ್ನೆ: ಟ್ಯೂಬ್ ಆಂಪ್ ರಿಪೇರಿ ವಿಡಿಯೋ ನೋಡಿ ಕಲಿಯಬಹುದಾ? — ಕಾರವಾರ

ಉತ್ತರ: ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್ ಕೂತಿರಬಹುದು.

ಪ್ರಶ್ನೆ: ತೋಟದ ಪಕ್ಕ ಬೀಟೆ ಮರ ಇದೆ. ಅದರಿಂದ ಗಿಟಾರ್‌ನ ಫಿಂಗರ್‌ಬೋರ್ಡ್ (ಬೆರಳಿಡುವ ಪಟ್ಟಿ) ಮಾಡಿಸಿದರೆ ಟೋನ್ ಬೆಚ್ಚಗಾಗುತ್ತದಂತೆ, ಹೌದಾ? — ಶಿರಸಿ

ಉತ್ತರ: ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಗೊತ್ತಲ್ಲ? ಟೋನ್ ಬೆಚ್ಚಗಾಗಲು ಟೋನ್ ನಾಬ್ ಅಂತ ಒಂದು ಇದೆ, ತಿರುಗಿಸಿ.