ಲೀಸ್ ಆಗಿದೆ, ರಿಗ್ ಯಾಕೆ ಬಂದಿಲ್ಲ?

ಓದುಗರ ಪತ್ರ: ಅಮೆರಿಕದ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಕೌಂಟಿಯಲ್ಲಿ ನಮ್ಮದು 60 ಎಕರೆ ಜಮೀನಿದೆ. ನಾಲ್ಕು ವರ್ಷದ ಹಿಂದೆ ಗ್ಯಾಸ್ ಕಂಪನಿಗೆ ಲೀಸಿಗೆ ಕೊಟ್ಟೆವು. ಸಹಿ ಹಾಕಿದ್ದಕ್ಕೆ ಬೋನಸ್ ಬಂತು. ಸರ್ವೆಯವರು ಗೂಟ ನೆಟ್ಟು ಹೋದರು. ಅದಕ್ಕೆ ಕಟ್ಟಿದ ಗುಲಾಬಿ ರಿಬ್ಬನ್ ಬಿಸಿಲಿಗೆ ಬೆಳ್ಳಗಾಯಿತು, ಬಾವಿ ಕೊರೆಯುವ ರಿಗ್ ಮಾತ್ರ ಬಂದಿಲ್ಲ. ಆಚೆ ರಸ್ತೆಯವರಿಗೆ ಗ್ಯಾಸ್ ಮಾರಾಟದ ಪಾಲು, ಅಂದರೆ ರಾಯಲ್ಟಿ, ಬರ್ತಿದೆ. ನಮಗೆ ಮೋಸ ಆಯ್ತಾ?

ಸಂಪಾದಕರ ಉತ್ತರ: ಮೋಸ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹಾಗಂತ ಸುಮ್ನೆ ಕಾಯುತ್ತಾ ಕೂರಲೂ ಬೇಡಿ. ಇಂಥ ಲೀಸುಗಳಲ್ಲಿ ಕಂಪನಿಗೆ ಸಿಗುವುದು ಕೊರೆಯುವ ಹಕ್ಕು. ಕೊರೆಯಲೇಬೇಕು ಅನ್ನುವ ಕರಾರು ಸಾಮಾನ್ಯವಾಗಿ ಇರುವುದಿಲ್ಲ. ಬೋನಸ್ ಕೊಟ್ಟು ಅವರು ಕೊಂಡದ್ದು ಸಮಯವನ್ನು, ಹೆಚ್ಚಾಗಿ ಐದು ವರ್ಷ. ಅಷ್ಟರೊಳಗೆ ಯಾವಾಗ ಕೊರೆಯಬೇಕು ಅನ್ನುವುದು ಅವರ ಲೆಕ್ಕ. (ಭಾರತದಲ್ಲಿ ನೆಲದಡಿಯ ತೈಲ, ಅನಿಲ ಸರ್ಕಾರದ ಹಿಡಿತದಲ್ಲಿರುವುದರಿಂದ ಊರಿನವರಿಗೆ ಈ ವ್ಯವಹಾರವೇ ಹೊಸದು.)

ಆ ಲೆಕ್ಕದಲ್ಲಿ ಮೊದಲು ಬರುವುದು ಬೆಲೆ. 2008ರ ಬೇಸಿಗೆಯಲ್ಲಿ ಹತ್ತು ಲಕ್ಷ ಬಿಟಿಯು (ಶಾಖದ ಅಳತೆ) ಗ್ಯಾಸಿಗೆ 13 ಡಾಲರ್ ಹತ್ತಿರ ಇತ್ತು. ಆಗ ನಿಮ್ಮ ಕಡೆ ಕಂಪನಿಗಳ ಏಜೆಂಟರು ಮನೆ ಮನೆ ಬಾಗಿಲು ತಟ್ಟಿದರು. 2012ರ ಏಪ್ರಿಲ್ ಹೊತ್ತಿಗೆ ಅದು 2 ಡಾಲರಿಗಿಂತ ಕೆಳಗಿಳಿಯಿತು. 2024ರ ಶುರುವಿನಲ್ಲೂ ಹಾಗೇ ಆಯಿತು. ಶೇಲ್ ಅನ್ನುವ ಪದರಗಲ್ಲಿನಿಂದ ಗ್ಯಾಸ್ ತೆಗೆಯುವ ಒಂದು ಬಾವಿಗೆ ಹಲವು ಮಿಲಿಯನ್ ಡಾಲರ್ ಖರ್ಚು. ಅದರ ಗ್ಯಾಸ್ ಜಾಸ್ತಿ ಬರುವುದು ಮೊದಲ ಒಂದೆರಡು ವರ್ಷ, ಆಮೇಲೆ ಬೇಗ ಇಳಿಯುತ್ತದೆ. ಬೆಲೆ ಬಿದ್ದಾಗ ಕೊರೆದರೆ ಆ ಒಳ್ಳೆಯ ಗ್ಯಾಸೆಲ್ಲ ಅಗ್ಗಕ್ಕೆ ಹೋಗುತ್ತದೆ. ನಿಮ್ಮ ರಾಯಲ್ಟಿಯೂ ಅದೇ ಬೆಲೆಯ ಮೇಲೆ ತಾನೆ? ಅಂದರೆ ತಡವೆಲ್ಲ ನಷ್ಟವೇ ಅಲ್ಲ.

ಇನ್ನು ಪೈಪ್‌ಲೈನ್. ನಿಮ್ಮದೇ ಕೌಂಟಿಯಿಂದ ನ್ಯೂಯಾರ್ಕ್ ಕಡೆಗೆ ಹೋಗಬೇಕಿದ್ದ ಕಾನ್‌ಸ್ಟಿಟ್ಯೂಷನ್ ಪೈಪ್‌ಲೈನಿಗೆ 2014ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತ್ತು. 2016ರಲ್ಲಿ ನ್ಯೂಯಾರ್ಕ್ ರಾಜ್ಯ ನೀರಿನ ಗುಣಮಟ್ಟಕ್ಕೆ ಸಂಬಂಧಿಸಿದ ಪರವಾನಗಿ ಕೊಡಲಿಲ್ಲ. 2020ರಲ್ಲಿ ಕಂಪನಿಯೇ ಯೋಜನೆ ಕೈಬಿಟ್ಟಿತು. ಸಾಗಿಸಲು ದಾರಿ ಇಲ್ಲದ ಗ್ಯಾಸನ್ನು ಯಾರೂ ಮೇಲೆತ್ತುವುದಿಲ್ಲ.

ಆಚೆ ರಸ್ತೆಯವರಿಗೆ ಬಂದದ್ದು ನಿಮಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಹೆಚ್ಚಾಗಿ ಕಾರಣ ಯೂನಿಟ್. ಈಗಿನ ಬಾವಿ ನೆಟ್ಟಗೆ ಇಳಿದು ಮಾರ್ಸೆಲಸ್ ಅನ್ನುವ ಶೇಲ್ ಪದರದಲ್ಲಿ ಅಡ್ಡಕ್ಕೆ ತಿರುಗಿ ಒಂದೆರಡು ಮೈಲಿ ಹೋಗುತ್ತದೆ. 60 ಎಕರೆ ಅದಕ್ಕೆ ಸಾಲದು. ಅಕ್ಕಪಕ್ಕದ ಜಮೀನುಗಳನ್ನು ಸೇರಿಸಿ ನೂರಾರು ಎಕರೆಯ ಯೂನಿಟ್ ಮಾಡಬೇಕು. ಒಪ್ಪದವರನ್ನು ಬಲವಂತದಿಂದ ಸೇರಿಸುವ ಕಾನೂನು ಪೆನ್ಸಿಲ್ವೇನಿಯಾದಲ್ಲಿ ಮಾರ್ಸೆಲಸ್ ಪದರಕ್ಕೆ ಅನ್ವಯಿಸುವುದಿಲ್ಲ. ನಡುವೆ ಒಬ್ಬರು ಸಹಿ ಹಾಕದಿದ್ದರೂ ಇಡೀ ನಕ್ಷೆ ಬದಲಾಗಬಹುದು. ಸಹಿ ಹಾಕಿದವರ ಪತ್ರವೂ ಸರಿ ಇರಬೇಕು. ಹಳೆಯ ಕ್ರಯಪತ್ರದಲ್ಲಿ 'ಖನಿಜಗಳ ಹಕ್ಕು ನನಗೇ ಉಳಿಯತಕ್ಕದ್ದು' ಅಂತ ಯಾರೋ ಒಂದು ಸಾಲು ಬರೆಸಿರುತ್ತಾರೆ. ಅದರಲ್ಲಿ ಗ್ಯಾಸೂ ಸೇರಿತಾ? ಬೇರೆ ಏನೂ ಹೇಳದಿದ್ದರೆ ಸೇರಿಲ್ಲ. ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ 1882ರಲ್ಲೇ ತೈಲದ ಬಗ್ಗೆ ಹೀಗೆ ಹೇಳಿತ್ತು, 2013ರಲ್ಲಿ ಶೇಲ್ ಗ್ಯಾಸಿಗೂ ಅದನ್ನೇ ಎತ್ತಿಹಿಡಿಯಿತು. 'ಗ್ಯಾಸ್' ಎಂದೇ ಬರೆದಿದ್ದರೆ ಕಥೆ ಬೇರೆ. ವಾರಸುದಾರರನ್ನು ಹುಡುಕುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಪರವಾನಗಿ ಕೆಲಸ ಇದ್ದೇ ಇದೆ.

ನನಗೆ ನಿಜವಾಗಿ ಆತಂಕ ಇರುವುದು ಬೇರೆ ಕಡೆ. ದಯವಿಟ್ಟು ಇವತ್ತೇ ಲೀಸ್ ತೆಗೆದು ನೋಡಿ. ಅವಧಿ ಯಾವ ದಿನ ಮುಗಿಯುತ್ತದೆ? ಇನ್ನೊಂದಿಷ್ಟು ಹಣ ಕೊಟ್ಟು ಮತ್ತೆ ಐದು ವರ್ಷ ಮುಂದುವರಿಸುವ ಹಕ್ಕು ಕಂಪನಿಗೆ ಇದೆಯಾ? ನಿಮ್ಮ ಜಮೀನಿನ ಒಂದು ಮೂಲೆ ಮಾತ್ರ ಯೂನಿಟ್‌ಗೆ ಸೇರಿದರೆ ಉಳಿದದ್ದು ಬಿಡುಗಡೆ ಆಗುತ್ತದೆ ಅನ್ನುವ ಷರತ್ತು ಇದೆಯಾ? ಅದಕ್ಕೆ ಪ್ಯೂ ಕ್ಲಾಜ್ (Pugh clause) ಅನ್ನುತ್ತಾರೆ. ಅದಿಲ್ಲದಿದ್ದರೆ ಐದು ಎಕರೆ ಯೂನಿಟ್‌ಗೆ ಸೇರಿ ಗ್ಯಾಸ್ ಬರುತ್ತಿರುವವರೆಗೂ ಪೂರಾ 60 ಎಕರೆ ಅವರ ಕೈಯಲ್ಲೇ ಉಳಿಯಬಹುದು. ರಾಯಲ್ಟಿ ಮಾತ್ರ ಆ ಐದು ಎಕರೆಯ ಪಾಲಿನದು.

ಅವಧಿ ಮುಗಿಯುವ ಹೊತ್ತಿಗೆ 'ಸಣ್ಣ ತಿದ್ದುಪಡಿ' ಅಂತ ಕಾಗದ ಬಂದರೆ, ಗ್ಯಾಸ್ ಲೀಸಿನ ಕೆಲಸ ಬಲ್ಲ ಅಲ್ಲಿನ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಕೊರೆಯದೆ, ಮುಂದುವರಿಸದೆ ಅವಧಿ ಮುಗಿದರೆ ಲೀಸ್ ಬಿಟ್ಟುಕೊಟ್ಟ ಪತ್ರವನ್ನು ಕಂಪನಿಯಿಂದ ಬರೆಸಿಕೊಂಡು ಕೌಂಟಿ ಕಚೇರಿಯಲ್ಲಿ ದಾಖಲು ಮಾಡಿಸಿ. ಹಳೇ ಲೀಸ್ ದಾಖಲೆಯಲ್ಲಿ ಹಾಗೇ ಉಳಿದರೆ, ಮುಂದೆ ಬೇರೆಯವರಿಗೆ ಲೀಸ್ ಕೊಡುವಾಗ ಅದೇ ತೊಡಕಾಗುತ್ತದೆ.